ಸೊರಗುವ ಬದನೆಯ ಬೆನ್ನು ಹತ್ತಿ

ಧಾರವಾಡದಲ್ಲಿ ತರಕಾರಿ ತಳಿ ಅಭಿವೃದ್ಧಿಯನ್ನು ಓದಿ ಶಿರಸಿಗೆ ಕೆಲಸಕ್ಕೆ ಬಂದಾಗ, ಅಡಿಕೆ, ಕಾಳುಮೆಣಸಿನ ಸೀಮೆಯಲ್ಲಿ ತರಕಾರಿ ಓದಿದವನಿಗೆ ಏನು ಕೆಲಸ ಎಂದು ಅನೇಕರು ಕೇಳಿದ್ದರು. ನನ್ನ ಕೆಲಸ ಸಿಕ್ಕಿದ್ದು ಘಟ್ಟದ ಕೆಳಗೆ, ಭತ್ತದ ಕೊಯ್ಲು ಮುಗಿದ ಮೇಲೆ ಹರಿವೆ, ಅಲಸಂದೆ, ಮೊಗೆಕಾಯಿ, ಬದನೆ ಬೆಳೆಯುವ ಅಂಕೋಲಾ, ಕುಮಟಾ ಕಡೆಯ ಗದ್ದೆಗಳಲ್ಲಿ. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಆರಂಭವಾದ ನಂತರವೂ ನಾನು ಬಿಡದೆ ಹಿಡಿದುಕೊಂಡದ್ದು ಒಂದೇ ವಿಷಯ: ಬದನೆಯ ದುಂಡಾಣು ಸೊರಗು ರೋಗ.

ಹೂ ಬಿಟ್ಟು ನಿಂತ ಹಸಿರು ಗಿಡ ಎರಡು ಮೂರು ದಿನಗಳಲ್ಲಿ ಎಲೆ ಹಳದಿಯಾಗುವ ಮೊದಲೇ ಜೋತು ಬೀಳುತ್ತದೆ. ಮೊದಮೊದಲು ರೈತರು ನೀರು ಸಾಲದೆ ಹೀಗಾಯಿತೆಂದು ಮತ್ತಷ್ಟು ನೀರು ಹಾಯಿಸುತ್ತಿದ್ದರು. ಹರಿದ ನೀರಿನ ಜೊತೆ ರೋಗವೂ ಮುಂದಿನ ಸಾಲಿಗೆ ಹೋಗುತ್ತಿತ್ತು. ಹಾಗಾಗಿ ಗದ್ದೆಯ ಬದುವಿನಲ್ಲೇ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅದರ ತುದಿಯನ್ನಷ್ಟೇ ಅದ್ದಿ ತೋರಿಸುವುದನ್ನು ರೂಢಿಸಿಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ಭಾಗದಿಂದ ಹಾಲಿನ ಎಳೆಯಂತೆ ದುಂಡಾಣು ತುಂಬಿದ ಬಿಳಿ ದ್ರವ ಇಳಿಯುವುದನ್ನು ಕಣ್ಣಾರೆ ಕಂಡವರಿಗೆ ಬೇರೆ ವಿವರಣೆ ಬೇಕಾಗುತ್ತಿರಲಿಲ್ಲ.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ರೋಗನಿರೋಧಕ ಬದನೆ ತಳಿಗಳಾದ ಅರ್ಕಾ ಕೇಶವ್, ಅರ್ಕಾ ನಿಧಿಗಳನ್ನು ತಂದು ನೆಟ್ಟೆವು. ಗಿಡಗಳು ನಿಂತವು. ಆದರೆ ಮೂರನೆಯ ಕೊಯ್ಲಿನ ಹೊತ್ತಿಗೆ ಗದ್ದೆಯ ಒಡತಿ ಹೇಳಿದರು: "ಗಿಡ ಗಟ್ಟಿ ಅದೆ ಸರ್, ಆದ್ರೆ ಹುಳಿ ಮಾಡಿದ್ರೆ ಮನೆಲಿ ಯಾರೂ ತಿನ್ನೂದಿಲ್ಲ." ಅವರಿಗೆ ಬೇಕಾಗಿದ್ದುದು, ಬೂದಿಯಲ್ಲಿ ಬೀಜ ಕಾಪಾಡಿಕೊಂಡು ಬಂದ ಊರಿನ ತಿಳಿಹಸಿರು ಗುಳ್ಳ, ಅಂದರೆ ಗುಂಡು ಬದನೆ. ಎರಡನ್ನೂ ಸಂಕರಿಸಿ ಹಲವು ತಲೆಮಾರು ಆಯ್ಕೆ ಮಾಡಿದೆ. ಕಾಯಿಯ ಗುಣ ಮರಳಿದ ಗಿಡಗಳಲ್ಲಿ ನಿರೋಧಕ ಶಕ್ತಿ ಸಡಿಲವಾಗುತ್ತಿತ್ತು. ಆ ವರ್ಷಗಳು ವ್ಯರ್ಥವೆಂದು ನಾನು ಭಾವಿಸುವುದಿಲ್ಲ, ಆದರೆ ರೈತರನ್ನು ಅಷ್ಟು ಕಾಲ ಕಾಯಿಸಿದ್ದಕ್ಕೆ ಇಂದಿಗೂ ಸಂಕಟವಿದೆ.

ಕೊನೆಗೆ ಹಿಡಿದದ್ದು, ಈ ರೋಗವನ್ನು ತಡೆದುಕೊಳ್ಳುವ ಬದನೆಯ ಕಾಡು ಬಂಧು ಸುಂಡೆಕಾಯಿಯ ಬೇರಿನ ಮೇಲೆ ಬದನೆಯ ಕಸಿ. ಮೊದಲ ತಂಡದ ಸಸಿಗಳು ನನ್ನ ತಪ್ಪಿನಿಂದಲೇ ಹಾಳಾದವು: ಎರಡರ ಬೀಜವನ್ನೂ ಒಂದೇ ದಿನ ಬಿತ್ತಿದ್ದೆ. ಸುಂಡೆಕಾಯಿ ಬೀಜ ತಡವಾಗಿ ಮೊಳೆಯುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಬದನೆಯ ಕಾಂಡ ದಪ್ಪಗಾದಾಗ ಅದಿನ್ನೂ ನೂಲಿನಂತಿತ್ತು. ಮರುವರ್ಷ ಅದನ್ನು ಸುಮಾರು ಮೂರು ವಾರ ಮೊದಲೇ ಬಿತ್ತಿ, ಎರಡೂ ಕಾಂಡಗಳು ಸಮ ದಪ್ಪಕ್ಕೆ ಬಂದಾಗ ಸೀಳಿ ಸೇರಿಸಿ, ಕ್ಲಿಪ್ ಹಾಕಿ, ಒಂದು ವಾರ ನೆರಳಿನಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ತೇವದಲ್ಲಿಟ್ಟೆವು. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲೆಯೇ ಇರಬೇಕು. ಹೂತುಹೋದರೆ ಬದನೆ ತನ್ನದೇ ಬೇರು ಬಿಟ್ಟು ಮತ್ತೆ ರೋಗಕ್ಕೆ ಸಿಗುತ್ತದೆ. ಮಣ್ಣೇರಿಸುವ ಅಭ್ಯಾಸವಿದ್ದ ಕೈಗಳಿಗೆ ಇದನ್ನು ರೂಢಿ ಮಾಡಿಸಲು ಬಹಳ ಹೇಳಬೇಕಾಯಿತು.

ಈಗ ಬೇರಿನ ಸಸಿ ನಮ್ಮದು, ಮೇಲಿನ ಗುಳ್ಳದ ಬೀಜ ಅದೇ ಒಡತಿಯದು. ಪ್ರತಿ ಮಳೆಗಾಲ ಮುಗಿಯುತ್ತಿದ್ದಂತೆ ಬೂದಿ ಮೆತ್ತಿದ ಬೀಜದ ಪೊಟ್ಟಣವನ್ನು ಅವರು ಶಿರಸಿಗೆ ಬರುವವರ ಕೈಯಲ್ಲಿ ಕಳುಹಿಸುತ್ತಾರೆ.