ಗೋಮಾಳದಲ್ಲಿ ಗಿಡ ಕಿತ್ತ ನಮ್ಮ ಕೆಲಸ

ಊರೂರಲ್ಲಿ ವನಮಹೋತ್ಸವ ನಡೆಯುವ ಹೊತ್ತಿಗೆ ಚಳ್ಳಕೆರೆ ಸೀಮೆಯ ನಮ್ಮ ಗೋಮಾಳದಲ್ಲಿ, ಹೊರದೇಶದಿಂದ ಬಂದು ಹಬ್ಬಿದ ಬಳ್ಳಾರಿ ಜಾಲಿಯನ್ನು ಕೀಳುವ ಕೆಲಸ ಸಾಗಿರುತ್ತದೆ. ‘ಮರ ಕಿತ್ತರೆ ಮಳೆ ಎಲ್ಲಿಂದ ಬರಬೇಕು?’ ಎಂದು ಸಿಟ್ಟಾಗುವವರಿಗೆ ನಾನು ಹೇಳುವುದಿಷ್ಟೆ: ಇದು ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳು ಮೇಯ್ದ ಕಾವಲುಗಳ ಸೀಮೆ, ಹುಲ್ಲಿನ ನೆಲ.

ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಅದು ಇನ್ನಷ್ಟು ಪೊದೆಯಾಗುತ್ತದೆ. ಚಿಗುರುವ ಕಣ್ಣುಗಳು ಮಣ್ಣಿನೊಳಗೆ ಬೇರಿನ ತಲೆಯಲ್ಲಿರುತ್ತವೆ. ಸುತ್ತ ಅಗೆದು ಒಂದಡಿ ಆಳದಲ್ಲಿ ಬೇರು ಕತ್ತರಿಸಬೇಕು. ಎಳೆಯ ಗಿಡವನ್ನು ಹದ ಮಳೆಯ ಮರುದಿನ ಕೈಯಲ್ಲೇ ಕೀಳಬಹುದು. ಜೆಸಿಬಿ ತರಿಸೋಣ ಎಂದವರಿದ್ದರು, ನಾನು ಒಪ್ಪಲಿಲ್ಲ. ಅದು ಹುಲ್ಲಿನ ಬುಡವನ್ನೂ ಮಗುಚುತ್ತದೆ, ಕೆದಕಿದ ಮಣ್ಣಿಗೆ ಮೊದಲು ಬರುವುದು ಕಾಂಗ್ರೆಸ್ ಗಿಡ. ಕಾರೆ, ಬಾರೆ, ಕವಳೆಯ ಪೊದೆಗಳು ಈ ನೆಲದವೇ, ಅವನ್ನು ಮುಟ್ಟಲಿಲ್ಲ.

ಮರ ನೆಟ್ಟು ನೆಲ ಕೆಡಿಸಿದ ಕತೆ ಬೇರೆಡೆಯೂ ಇದೆ. ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲಿ ಫ್ಲೋ ಕಂಟ್ರಿ ಎಂಬ ಜೌಗು ಸೀಮೆಯಿದೆ. ಸಾವಿರಾರು ವರ್ಷ ಪಾಚಿ ಪೂರ್ತಿ ಕೊಳೆಯದೆ ಪದರಗಟ್ಟಿದ ಪೀಟ್ ಮಣ್ಣು ಅಲ್ಲಿಯದು. 1970–80ರ ದಶಕಗಳಲ್ಲಿ ತೆರಿಗೆ ರಿಯಾಯಿತಿಯ ಆಸೆಗೆ ಕಾಲುವೆ ತೋಡಿ, ನೀರು ಬಸಿದು, ಸೂಚಿಪರ್ಣಿ ಮರ ನೆಟ್ಟರು. ಒಣಗಿದ ಪೀಟ್‌ಗೆ ಗಾಳಿ ತಗುಲಿ ಇಂಗಾಲ ಹೊರಬೀಳತೊಡಗಿತು, ಬಯಲಿನ ಹಕ್ಕಿಗಳು ನೆಲೆ ಕಳೆದುಕೊಂಡವು. 1988ರಲ್ಲಿ ರಿಯಾಯಿತಿ ನಿಂತಿತು. ಆಮೇಲೆ ಮರ ಕಡಿದು ಕಾಲುವೆಗಳಿಗೆ ಅಡ್ಡಗಟ್ಟೆ ಹಾಕುವ ಕೆಲಸ ಶುರುವಾಯಿತು. ಹುಲ್ಲುಗಾವಲಿನಲ್ಲಿಯೂ ಇಂಗಾಲದ ಬಹುಪಾಲು ಮಣ್ಣಿನೊಳಗೇ ಇರುತ್ತದೆ. ಆದರೆ ಅಲ್ಲಿ ತಡೆಯಬೇಕಾದದ್ದು ಹರಿದುಹೋಗುವ ನೀರನ್ನು, ಇಲ್ಲಿ ಮೇಯಲು ಬರುವ ಮಂದೆಯನ್ನು. ನೀರು ಜಗಳಕ್ಕೆ ಬರುವುದಿಲ್ಲ.

ಗೋಮಾಳಕ್ಕೆ ಬೇಲಿ ಹಾಕಿದರೆ ಕುರಿಗಾಹಿಗಳು ಎಲ್ಲಿಗೆ ಹೋಗಬೇಕು? ‘ಸ್ವಾಮಿ, ನಿಮ್ಮ ಲೆಕ್ಕ ಕುರಿಗೆ ಗೊತ್ತಾಗುತ್ತದೆಯೇ?’ ಎಂದು ಹಿರಿಯ ಕುರಿಗಾಹಿಯೊಬ್ಬರು ಕೇಳಿದರು. ಮಾತಾಡಿ ಮಾತಾಡಿ ನೆಲವನ್ನು ಪಾಲು ಮಾಡಿಕೊಂಡೆವು. ಒಂದು ಪಾಲನ್ನು ಮುಂಗಾರಿನಿಂದ ಹುಲ್ಲು ಬೀಜ ಉದುರಿಸುವವರೆಗೆ ಮುಚ್ಚುವುದು, ಮಿಕ್ಕದ್ದು ಮಂದೆಗೆ. ಬೀಜ ಉದುರಿದ ಮೇಲೆ ಮುಚ್ಚಿದ ಪಾಲಿನ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ಹೊರೆ ಕಟ್ಟಿ ಒಯ್ಯಬಹುದು. ಜಾಲಿಕಾಯಿ ತಿಂದ ಮಂದೆಯನ್ನು ಆ ಪಾಲಿನಲ್ಲಿ ತರುಬುವಂತಿಲ್ಲ, ಏಕೆಂದರೆ ಬೀಜ ಹಿಕ್ಕೆಯೊಡನೆ ಬಂದು ಮೊಳೆಯುತ್ತದೆ.

ಬೋಳು ಜಾಗಗಳಿಗೆ ಬೀಜ ಎರಚುವಾಗ ಕುರಿಗಾಹಿಗಳದು ಇನ್ನೊಂದು ಷರತ್ತು: ಚೂಪು ಬೀಜದ ಹುಲ್ಲು ಬೇಡ, ಅದು ಉಣ್ಣೆ ತೂರಿ ಕುರಿಯ ಚರ್ಮಕ್ಕೆ ನಾಟುತ್ತದೆ. ತಾನಾಗಿ ಹುಟ್ಟಿದ್ದನ್ನು ಕೀಳುವುದಿಲ್ಲ, ನಾವಾಗಿ ಎರಚುವುದಿಲ್ಲ ಎಂದು ಒಪ್ಪಿಕೊಂಡೆವು.