ಅಷ್ಟಮಿಯಿಂದ ಅಮಾವಾಸ್ಯೆಗೆ ಎಂಟು ಪುಟ

ಕನ್ನಡದಲ್ಲೊಂದು ಕಾಮಿಕ್ಸ್ ಪುಸ್ತಕ ತರಬೇಕೆಂದು ಮೊದಲ ಸಲ ಕಳಿಸಿದ ಪ್ರಸ್ತಾವ 22 ಪುಟ ಇತ್ತು. ಏಳು ಗ್ರಹ, ಮೂರು ಯುದ್ಧ, ಹತ್ತು ಸಾವಿರ ವರ್ಷಗಳ ಚರಿತ್ರೆ. ಬೆಂಗಳೂರಿನ ಪ್ರಕಾಶಕರೊಬ್ಬರಿಂದ ಒಂದೇ ಸಾಲಿನ ಉತ್ತರ ಬಂತು: “ಈ ನಾಯಕರು ಯಾರಿಗೂ ಗೊತ್ತಿಲ್ಲ, ಎಂಟು ಪುಟದಲ್ಲಿ ಏನಾಗುತ್ತದೆ ಅಂತ ಹೇಳಿ.” ಎರಡು ದಿನ ಊಟ ರುಚಿಸಲಿಲ್ಲ. ಚಿತ್ರ ಬರೆಯುವ ಗೆಳೆಯ ಸಿರ್ಸಿಯವನು. ಅವನಿಗೆ ಫೋನ್ ಮಾಡಿದರೆ, “ಅವ್ರು ಕೇಳಿದ್ದು ಸರಿ ಇದ್ದು ಮಾರಾಯ. ನೀ ಬರದ್ದು ಬರೀ ಗೋತ್ರ-ಪ್ರವರ. ಕತೆ ಎಲ್ಲಿದ್ದು?” ಅಂದ.

ಯಾರಿಗೂ ಗೊತ್ತಿಲ್ಲದ ನಾಯಕರೇ ಬೇಕು ಎಂಬುದು ನನ್ನ ಬಹಳ ದಿನದ ಆಸೆ. 1940ರಿಂದ 1953ರವರೆಗೆ ಅಮೆರಿಕದಲ್ಲಿ ‘ಪ್ಲಾನೆಟ್ ಕಾಮಿಕ್ಸ್’ ಎಂಬ ವೈಜ್ಞಾನಿಕ ಕಥೆಗಳ ಚಿತ್ರಸಂಕಲನ ಬರುತ್ತಿತ್ತು. ಒಟ್ಟು 73 ಸಂಚಿಕೆ. ಒಂದೊಂದರಲ್ಲೂ ಹಲವು ನಾಯಕ, ನಾಯಕಿಯರು ನಾಲ್ಕಾರು ಪುಟ ಬಂದು ಹೋಗುತ್ತಿದ್ದರು. ಅದಕ್ಕೂ ಸ್ವಲ್ಪ ಮೊದಲು, 1939ರಲ್ಲಿ, ಫ್ಲೆಚರ್ ಹ್ಯಾಂಕ್ಸ್ ಎಂಬಾತ ಕಥೆ, ಚಿತ್ರ, ಅಕ್ಷರ ಮೂರನ್ನೂ ತಾನೇ ಬರೆದು ‘ಸ್ಟಾರ್‌ಡಸ್ಟ್’ ಎಂಬ ಬಾಹ್ಯಾಕಾಶದ ಮಾಂತ್ರಿಕನನ್ನು ಸೃಷ್ಟಿಸಿದ. ಇಂಥವರನ್ನೇ ಕನ್ನಡಕ್ಕೆ ಕರೆತರಬೇಕೆಂದಿದ್ದೆ. ಅಮೆರಿಕದಲ್ಲಿ ಅಂಥ ಹಲವು ಪಾತ್ರಗಳ ಹಕ್ಕು ನವೀಕರಣವಾಗದೆ ಬಿದ್ದುಹೋಗಿದೆ. ಆದರೆ ನಮ್ಮ ಕಾಯ್ದೆಯಲ್ಲಿ ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ; ಹ್ಯಾಂಕ್ಸ್ ತೀರಿಕೊಂಡದ್ದು 1976ರಲ್ಲಿ. ಅಲ್ಲಿ ಮುಗಿದದ್ದು ಇಲ್ಲಿಯೂ ಮುಗಿದಿದೆ ಎಂದುಕೊಂಡು ಹೊರಡಬೇಡಿ ಎಂದು ಪರಿಚಯದ ವಕೀಲರು ಎಚ್ಚರಿಸಿದರು. ನಮ್ಮ ನಾಯಕರನ್ನು ನಾವೇ ಹುಟ್ಟಿಸುವುದೆಂದು ಆವತ್ತೇ ತೀರ್ಮಾನವಾಯಿತು.

ದಾರಿ ತೋರಿಸಿದವನು ಮಾತ್ರ ಅದೇ ಅಮೆರಿಕದ ಕಾಮಿಕ್ಸ್ ಲೋಕದ ಇನ್ನೊಬ್ಬ ನಾಯಕ. ಆಡಮ್ ಸ್ಟ್ರೇಂಜ್, 1958ರವನು, ಹೊಟ್ಟೆಪಾಡಿಗೆ ಪುರಾತತ್ವ. ಆಲ್ಫಾ ಸೆಂಟಾರಿ ನಕ್ಷತ್ರದ ರಾನ್ ಗ್ರಹದಿಂದ ಹೊರಟ, ತಾಗಿದವನನ್ನು ಆ ಗ್ರಹಕ್ಕೇ ಒಯ್ಯುವ ಝೀಟಾ ಕಿರಣ ಭೂಮಿ ಮುಟ್ಟಲು ನಾಲ್ಕು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಅದು ಯಾವ ಜಾಗಕ್ಕೆ, ಯಾವ ಗಳಿಗೆಯಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿ ಅವನು ಅಲ್ಲಿ ನಿಂತಿರಬೇಕು. ತಪ್ಪಿದರೆ ತಪ್ಪಿತು. ಹೋಗಿ ಮುಟ್ಟಿದರೂ ಕಿರಣದ ಪ್ರಭಾವ ಇಳಿದ ಕೂಡಲೇ, ಪ್ರೀತಿಸಿದವಳನ್ನು ಅಲ್ಲೇ ಬಿಟ್ಟು ಭೂಮಿಗೆ ವಾಪಸ್. ಅವನ ಬಂದೂಕು, ಹಾರುವ ಅಂಗಿ ಯಾವುದೂ ನನಗೆ ನೆನಪಿನಲ್ಲಿ ನಿಲ್ಲಲಿಲ್ಲ. ಆ ಕಾಯುವಿಕೆ ನಿಂತಿತು.

ಮೇ ಕೊನೆಯಲ್ಲಿ ಮೋಡವಿಲ್ಲದ ಒಂದು ರಾತ್ರಿ, 11ರ ಸುಮಾರಿಗೆ, ಕಾರವಾರದ ನಮ್ಮ ಟೆರೇಸಿನಿಂದ ದಕ್ಷಿಣಕ್ಕೆ ನೋಡಿದೆ. ತ್ರಿಶಂಕು ನಕ್ಷತ್ರಪುಂಜದ ಎಡಕ್ಕೆ ಆಲ್ಫಾ ಸೆಂಟಾರಿ. ಕೈ ಚಾಚಿ ಮುಷ್ಟಿ ಹಿಡಿದರೆ ದಿಗಂತದಿಂದ ಸುಮಾರು ಒಂದೂವರೆ ಮುಷ್ಟಿ ಎತ್ತರ. ನ್ಯೂಯಾರ್ಕಿನ ಆಕಾಶದಲ್ಲಿ ಅದು ಹುಟ್ಟುವುದೇ ಇಲ್ಲ. ಅಲ್ಲಿಯ ಕಾಮಿಕ್ಸ್ ಲೋಕ ಬರೀ ಲೆಕ್ಕದಲ್ಲಿ ಬಲ್ಲ ನಕ್ಷತ್ರ ನಮ್ಮ ಮನೆ ಮೇಲಿನಿಂದ ಬರಿಗಣ್ಣಿಗೆ ಕಾಣುತ್ತದೆ! ಆವತ್ತು ಬಹಳ ಹೊತ್ತು ಕೆಳಗಿಳಿಯಲಿಲ್ಲ.

ಕಾಯುವ ನಾಯಕ ಬೇಕು ಅಂದಾಗ ಕಣ್ಣೆದುರಿಗೇ ಕಡಲು ಇತ್ತು. ಬೈತಖೋಲ ಬಂದರಿನಲ್ಲಿ ದೋಣಿ ನಡೆಸುವ ಪರಿಚಯದ ತಾಂಡೇಲರೊಬ್ಬರ ಹತ್ತಿರ ಕೂತು ಉಬ್ಬರ ಇಳಿತದ ಲೆಕ್ಕ ಕೇಳಿ ಬರೆದುಕೊಂಡೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಗೆ ಬಂದು ನೀರು ಜೋರು. ಅಷ್ಟಮಿಯ ಹೊತ್ತಿಗೆ ಮಂದ. ಹಾಗೆ ಹುಟ್ಟಿದವಳು ವೇಲಾ. ವೇಲಾ ಅಂದರೆ ಕಡಲ ದಡ, ಉಬ್ಬರ, ಹೊತ್ತು ಮೂರೂ ಹೌದು. ಅವಳ ಶಕ್ತಿ ನೀರಿನ ಜೊತೆ ಏರಿ ನೀರಿನ ಜೊತೆಗೇ ಇಳಿಯುತ್ತದೆ.

ಕಥೆ ಸಿಕ್ಕಿದ್ದು ಸಿರ್ಸಿಗೆ ಹೋಗುವ ಬಸ್ಸಿನಲ್ಲಿ, ದೇವಿಮನೆ ಘಟ್ಟ ಹತ್ತುವಾಗ. ಟ್ರಾಲಿಂಗ್ ಮೀನುಗಾರಿಕೆ ನಿಷೇಧದ ಜೂನ್ ತಿಂಗಳು, ದೋಣಿಗಳೆಲ್ಲ ದಡದಲ್ಲಿ. ಬಹುಳ ಅಷ್ಟಮಿಯ ರಾತ್ರಿ ದೇವಗಡ ದ್ವೀಪದ ದೀಪಸ್ತಂಭದ ಕೆಳಗೆ, ಬಂಡೆಗಳ ನಡುವಿನ ಗುಂಡಿಗೆ, ಬೇರೆ ಲೋಕದ ಜೀವಿಯೊಂದು ಬಿದ್ದಿದೆ. ಎತ್ತಿ ಬಿಡಲು ವೇಲಾಗೆ ಆವತ್ತು ಬಲವಿಲ್ಲ. ಅಮಾವಾಸ್ಯೆಯ ಉಬ್ಬರದವರೆಗೆ ಅದನ್ನು ಬದುಕಿಸಿಕೊಳ್ಳಬೇಕು. ಅಷ್ಟಮಿ, ನವಮಿ, ದಶಮಿ ಎಂದು ಬೆರಳು ಮಡಚುತ್ತಾ ಬಂದೆ. ಅಮಾವಾಸ್ಯೆಗೆ ಎಂಟು! ತಿಥಿಗೊಂದು ಪುಟ. ಬಸ್ ಇಳಿದವನೇ ಗೆಳೆಯನ ಎದುರು ಎಂಟು ಬೆರಳು ಹಿಡಿದು ನಿಂತೆ.

ಅಲ್ಲಿಂದ ಉಳಿದದ್ದು ಕೆಲಸ. ಅಕ್ಷರ ಕೂರಿಸುವುದು ನಾನು ಎಣಿಸಿದ್ದಕ್ಕಿಂತ ಕಷ್ಟವಾಯಿತು. ಮೂರನೇ ಪುಟದ ಒಂದು ಮಾತಿನ ಗುಳ್ಳೆಯಲ್ಲಿ ‘ಗುರುತ್ವಾಕರ್ಷಣ ಶಕ್ತಿ’ ಅಂತ ಬರೆದಿದ್ದೆ. ಮೇಲಿನ ಸಾಲಿನ ಒತ್ತಕ್ಷರ ಇಳಿದು ಕೆಳಗಿನ ಸಾಲಿನ ಗುಡಿಸಿಗೆ ತಾಗಿತು. ಸಾಲು ಬಿಡಿಸಿದರೆ ಗುಳ್ಳೆ ವೇಲಾಳ ಮುಖವನ್ನೇ ಮುಚ್ಚಿತು. ‘ಸೆಳೆತ’ ಅಂತ ಬದಲಿಸಿದೆ. ಮುಖವೂ ಉಳಿಯಿತು, ಮಾತೂ ಅವಳದೇ ಆಯಿತು. ಇಡೀ ಕಥೆಯಲ್ಲಿ ಅರ್ಧದಷ್ಟು ಮಾತು ಹೀಗೆ ಹೋಯಿತು.

ಎರಡನೇ ಪ್ರಸ್ತಾವ ನಾಲ್ಕು ಹಾಳೆ, ಜೊತೆಗೆ ವೇಲಾಳ ಎಂಟೂ ಪುಟ ಪೂರ್ತಿ ಚಿತ್ರ. ಹೆಸರು ಕೇಳಿರದ ನಾಯಕಿಯನ್ನು ಸಂಪಾದಕರು ಕಣ್ಣಾರೆ ನೋಡಬೇಕು, ವರ್ಣಿಸಿದರೆ ಸಾಲದು. ಪುಸ್ತಕ 64 ಪುಟ, 16 ಪುಟದ ನಾಲ್ಕು ಫಾರಂ. ಏಳು ಕಥೆಗೆ 56, ಉಳಿದ ಎಂಟು ಶೀರ್ಷಿಕೆ ಮತ್ತು ಪೀಠಿಕೆಗೆ. ಪ್ರತಿ ಕಥೆಗೂ ನಾಲ್ಕು ಸಾಲು, ಅದರಲ್ಲಿ ಕೊನೆ ಏನು ಎಂಬುದೂ ಬರೆದಿತ್ತು. ಓದುಗರಿಂದ ಮುಚ್ಚಿಡಬೇಕಾದ್ದನ್ನು ಸಂಪಾದಕರಿಂದ ಮುಚ್ಚಿಡಬಾರದು. ಏಳು ಕಥೆಗಳನ್ನು ಕಟ್ಟುವ ದಾರ ಪಂಚಾಂಗ. ನನಗೆ ಬಹಳ ಇಷ್ಟವಾದವನು ಆರ್ದ್ರಾ ನಕ್ಷತ್ರದವನು: ಆರ್ದ್ರೆ ಮಳೆಯ ಹದಿನಾಲ್ಕು ದಿನ ಮಾತ್ರ ಭೂಮಿಯಲ್ಲಿರುತ್ತಾನೆ. ಆ ದಿನಗಳಲ್ಲಿ ಸೂರ್ಯ ಆ ನಕ್ಷತ್ರದ ಬಳಿ ಇರುವುದರಿಂದ ಅದು ನಮಗೆ ಕಾಣುವುದಿಲ್ಲ. ನಮ್ಮ ಕಥೆಯ ಪ್ರಕಾರ, ಅವನು ಇಲ್ಲಿರುವುದರಿಂದ ಕಾಣುವುದಿಲ್ಲ.

ಈ ಸಲ ಫೋನೇ ಬಂತು. ಸಂಪಾದಕರು ನಮಸ್ಕಾರ ಹೇಳಿ ಮೊದಲು ಕೇಳಿದ್ದು, “ಏಕಾದಶಿಯ ದಿನ ಆ ಜೀವಿಗೆ ತಿನ್ನಲಿಕ್ಕೆ ಏನು ಕೊಟ್ಟಳು?” ಸದ್ಯಕ್ಕೆ ಎರಡು ಕಥೆ ಒಪ್ಪಿದ್ದಾರೆ, ಉಳಿದ ಐದು ಆಮೇಲೆ. ಪಾತ್ರಗಳ ಹಕ್ಕು ನಮ್ಮಿಬ್ಬರಲ್ಲೇ ಇರಬೇಕೆಂದು ಕೇಳಿ, ಕರಾರಿನಲ್ಲಿ ಬರೆಸಿಕೊಂಡೆವು.

ಎರಡನೆಯದು ಆರ್ದ್ರೆಯವನ ಕಥೆ. ಕಾಡಿನ ಮಳೆ ತನ್ನ ಕೈಗೆ ಬಂದಿದೆ, ಕಡಲ ಮೇಲಿನ ಮಳೆ ಇನ್ನೂ ನೋಡಿ ಬರೆಯಬೇಕು ಎನ್ನುತ್ತಾ, ಗೆಳೆಯ ಕಾಗದದ ಕಟ್ಟಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ನಾಳೆ ಬೆಳಗಿನ ಬಸ್ಸಿಗೆ ಸಿರ್ಸಿಯಿಂದ ಹೊರಡುತ್ತಾನೆ.