ಬಜೆಟ್ ಬರೆಯುವ ಮುಂಚೆ ಬಸ್ತಾ ಬಿಚ್ಚಬೇಕು

ಕಲಬುರಗಿಯಲ್ಲಿ ಹಳೆಯ ಸರ್ಕಾರಿ ದಾಖಲೆಗಳ ಸಂಗ್ರಹವೊಂದರ ವಾರ್ಷಿಕ ಆಯವ್ಯಯ ಅಂದಾಜು ತಯಾರಿಸುವುದು ಕೆಲವು ವರ್ಷಗಳಿಂದ ನನ್ನ ಕೆಲಸ. ಹೋದ ವರ್ಷದ ಅಂಕಿಗೆ ಶೇ. 10 ಸೇರಿಸಿ ಕಳಿಸುವುದು ಎಲ್ಲ ಕಡೆಯ ರೂಢಿ. ಸಂಬಳ, ಕರೆಂಟ್ ಬಿಲ್ಲಿಗೆ ಅದು ನಡೆಯುತ್ತದೆ. ಹಳೆಯ ಕಾಗದ ಕಾಪಾಡುವ ಖರ್ಚಿಗೆ ನಡೆಯುವುದಿಲ್ಲ.

ಅದಕ್ಕೇ ಅಂದಾಜು ಕೇಳುವ ಸುತ್ತೋಲೆ ಬರುವ ಮೊದಲೇ ಪ್ರತಿ ರ‍್ಯಾಕಿನಿಂದ ಕೆಲವು ಬಸ್ತಾ (ಬಟ್ಟೆಯಲ್ಲಿ ಕಟ್ಟಿದ ಕಡತಗಳ ಗಂಟು) ಇಳಿಸಿ ನೋಡುತ್ತೇನೆ. ಗಟ್ಟಿ ಇರುವುದು, ದುರಸ್ತಿ ಬೇಕಾದದ್ದು, ಕೈ ಹಚ್ಚಬಾರದ್ದು ಎಂದು ಮೂರು ಗುಂಪು. ನಿಜಾಮರ ಕಾಲದ ಒಂದು ಬಸ್ತಾದ ಗಂಟು ಬಿಚ್ಚುವಾಗ ನಮ್ಮ ಅಟೆಂಡರ್, "ಸರ್, ಇದನ್ನ ಮಗುಚಿದ್ರ ಪುಡಿ ಆಗ್ತದ್ರಿ" ಎಂದರು. ಹಾಳೆಯ ಅಂಚು ಕಂದಾಗಿತ್ತು, ಮಡಿಕೆ ಇದ್ದಲ್ಲೆಲ್ಲ ಸೀಳಿತ್ತು, ದಪ್ಪ ಮಸಿ ಬಿದ್ದ ಕಡೆ ಅಕ್ಷರದ ಆಕಾರದಲ್ಲೇ ತೂತು. ಕಬ್ಬಿಣದ ಅಂಶವಿರುವ ಹಳೆಯ ಮಸಿ ಕಾಗದವನ್ನು ಹೀಗೇ ತಿನ್ನುತ್ತದೆ.

ಇಂಥ ಹಾಳೆಗೆ ತೆಳು ಜಪಾನಿ ಟಿಶ್ಯೂ ಕಾಗದ ಅಂಟಿಸಿ ನಿಧಾನವಾಗಿ ಒಣಗಿಸಬೇಕು. ಕೆಲಸಗಾರರ ಪಕ್ಕದಲ್ಲಿ ಕೂತು, ಒಬ್ಬರು ದಿನಕ್ಕೆ ಎಷ್ಟು ಹಾಳೆ ಮುಗಿಸುತ್ತಾರೆಂದು ಎಣಿಸಿ, ಕೂಲಿಯ ದಿನಗಳನ್ನು ಅದರಿಂದಲೇ ಲೆಕ್ಕ ಹಾಕಿದೆ. ಟಿಶ್ಯೂಗಿಂತ ಕೂಲಿಯೇ ಹೆಚ್ಚು ಬಂತು.

ಸ್ಕ್ಯಾನಿಂಗಿಗೆ ಹಣ ಬೇಗ ಸಿಗುತ್ತದೆ, ದುರಸ್ತಿಗೆ ಸಿಗುವುದಿಲ್ಲ. ದುರಸ್ತಿಯಾಗದ ಹಾಳೆಯನ್ನು ಸ್ಕ್ಯಾನರಿನ ಗಾಜಿನ ಮೇಲೆ ಒತ್ತಿದರೆ ಚಿತ್ರ ಉಳಿಯುತ್ತದೆ, ಹಾಳೆ ಹೋಗುತ್ತದೆ. ಹಾಗಾಗಿ ಎರಡನ್ನೂ ಸೇರಿಸಿ ಪುಟಕ್ಕೆ ಇಷ್ಟು ಎಂದು ಒಂದೇ ದರ ಬರೆಯುತ್ತೇನೆ. ಮೇಲಿನವರು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹೊಡೆದುಹಾಕಲು ಬರುವುದಿಲ್ಲ. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯ (1891ರಲ್ಲಿ ಕಲ್ಕತ್ತದಲ್ಲಿ ಶುರುವಾದದ್ದು) ರಾಜ್ಯಗಳ ಪತ್ರಾಗಾರಗಳಿಗೆ ಧನಸಹಾಯದ ಯೋಜನೆ ಇಟ್ಟಿದೆ. ಅಂಥಲ್ಲಿ ಅರ್ಜಿ ಹಾಕುವವರಿಗೂ ಈ ಮೂರು ಗುಂಪಿನ ಪಟ್ಟಿ ಕೈಯಲ್ಲಿದ್ದರೆ ಒಳ್ಳೆಯದು.

ನಮ್ಮ ಭಾಗಕ್ಕೇ ವಿಶೇಷವಾದ ಖರ್ಚು ಇನ್ನೊಂದಿದೆ. 1948ರ ಸೆಪ್ಟೆಂಬರ್‌ವರೆಗೆ ಇಲ್ಲಿ ನಿಜಾಮರ ಆಡಳಿತ. ಕಡತಗಳು ಉರ್ದುವಿನಲ್ಲಿ, ಹಲವು ಶಿಕಸ್ತಾ ಎಂಬ ಓಟದ ಕೂಡಕ್ಷರದ ಬರವಣಿಗೆಯಲ್ಲಿ, ತಾರೀಖು ಫಸಲಿ ಎಂಬ ಕಂದಾಯದ ಕಾಲಗಣನೆಯಲ್ಲಿ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ, ಅದನ್ನು ಯಾರು ಬೇಕಾದರೂ ಕಲಿಯಬಹುದು. ಶಿಕಸ್ತಾ ಓದುವವರು ಮಾತ್ರ ಈಗ ಬಹುತೇಕ ವಯಸ್ಸಾದವರು. ಅವರ ಗೌರವಧನ ಈ ವರ್ಷ ಇಡದೆ ಮುಂದಿನ ವರ್ಷ ಇಡೋಣ ಎಂದರೆ ಆಗ ಓದಲು ಯಾರಿರುತ್ತಾರೆ?

ಮಾರ್ಚ್ 31ಕ್ಕೆ ಉಳಿದ ಹಣ ವಾಪಸ್ ಹೋಗುತ್ತದೆ. ಆ ಗಡಿಬಿಡಿಯಲ್ಲಿ ಬೇಗ ಸಿಗುವುದೆಂದರೆ ಕಬ್ಬಿಣದ ರ‍್ಯಾಕು, ಕಂಪ್ಯೂಟರು. ಆದ್ದರಿಂದ ಟಿಶ್ಯೂ, ಆಮ್ಲರಹಿತ ಪೆಟ್ಟಿಗೆಗಳ ಟೆಂಡರ್ ಮೊದಲ ಮೂರು ತಿಂಗಳಲ್ಲೇ ಕರೆಯುತ್ತೇನೆ. ವರ್ಷದ ನಡುವೆ ಪರಿಷ್ಕೃತ ಅಂದಾಜಿನ ವೇಳೆ ಕಡಿತ ಬಂದರೆ ರ‍್ಯಾಕು ಮೊದಲು ಬಿಡುತ್ತೇನೆ, ಆಮೇಲೆ ಕಂಪ್ಯೂಟರು. ಉರ್ದು ಓದುವವರ ಸಾಲಿಗೆ ಕೈ ಹಾಕಲು ಬಿಟ್ಟಿಲ್ಲ, ಬಿಡುವುದೂ ಇಲ್ಲ.